ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕವರಿಗೆ ನೆರವು: ಉದ್ಯೋಗದಲ್ಲಿರುವ ಯುವಜನರು ನಿಜಕ್ಕೂ ಏನು ಮಾಡಬಹುದು?

ಹೊಂಗೆನೆರಳು ಕೇಳಿದ್ದು:

ನಮಸ್ಕಾರ. ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರ ಗುಂಪು ನಮ್ಮದು. ಎಲ್ಲರೂ ಮೂವತ್ತರ ಒಳಗಿನವರು. ಸಾಫ್ಟ್‌ವೇರ್‌ನವರೇ ಹೆಚ್ಚು, ಒಬ್ಬರು ಸಿ.ಎ., ಒಬ್ಬರು ಎಚ್.ಆರ್. ವಿಭಾಗದವರು. ಗಂಡಸರೂ ಇದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ ಎಂಬ ಅಂಕಿ ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಮಗೆ ಬಿಡುವು ಶನಿವಾರ, ಭಾನುವಾರ. ಒಂದು ವಾಟ್ಸಾಪ್ ಸಹಾಯವಾಣಿ ಶುರು ಮಾಡೋಣ, ತುರ್ತು ಬಂದರೆ ಕಾರು ತೆಗೆದುಕೊಂಡು ಹೋಗಿ ಕರೆತರೋಣ ಎಂಬ ಮಾತು ನಡೆದಿದೆ. ಇದು ಸರಿಯಾದ ದಾರಿಯೇ? ನಮ್ಮ ಕಸುಬಿನಿಂದ ಉಪಯೋಗ ಆಗುವಂಥದ್ದು ಬೇರೆ ಏನಿದೆ? ಈ ಕ್ಷೇತ್ರದಲ್ಲಿರುವವರು ದಯವಿಟ್ಟು ಬಿಡಿಸಿ ಹೇಳಿ.

ಸಂಜೆಪಾಳಿ ಉತ್ತರಿಸಿದ್ದು:

ಸಹಾಯವಾಣಿ ಬೇಡ, ಕಾರೂ ಬೇಡ. ಕಾರಣ ಹೇಳುತ್ತೇನೆ.

ಒಂದು ನಂಬರ್ ಹೊರಗೆ ಬಿಟ್ಟರೆ ಅದು ರಾತ್ರಿ ಎರಡು ಗಂಟೆಗೂ ಬಡಿದುಕೊಳ್ಳುತ್ತದೆ. ಎತ್ತುವವರಿಲ್ಲದಿದ್ದರೆ ಎಷ್ಟೋ ದಿನ ಧೈರ್ಯ ಕೂಡಿಸಿಕೊಂಡು ಫೋನ್ ಮಾಡಿದ ಹೆಣ್ಣುಮಗಳು ಇನ್ನೊಂದು ಸಲ ಮಾಡುವುದಿಲ್ಲ. ಆ ಕೆಲಸಕ್ಕೆ 181 ಮಹಿಳಾ ಸಹಾಯವಾಣಿ ಇದೆ, ಜೀವಕ್ಕೆ ಅಪಾಯ ಎಂದರೆ 112. ಕಾರಿನ ವಿಷಯ ಇನ್ನೂ ಗಂಭೀರ. ಹೆಂಡತಿ ಮನೆ ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಕೆಲವು ವಾರ, ಇವೇ ಅತ್ಯಂತ ಅಪಾಯದ ಕಾಲ. ಕೈತಪ್ಪಿ ಹೋಗುತ್ತಿದ್ದಾಳೆ ಎಂದು ಗೊತ್ತಾದಾಗಲೇ ಹೊಡೆಯುವವನು ಮಿತಿ ಮೀರುವುದು. ಎಲ್ಲಿಗೆ ಹೋಗಬೇಕು, ಮಕ್ಕಳ ಗತಿ ಏನು, ಮರುದಿನ ಬೆಳಿಗ್ಗೆ ಯಾರನ್ನು ಕಾಣಬೇಕು ಎಂಬುದು ಗೊತ್ತಿಲ್ಲದೆ ಕರೆತಂದರೆ ಮೂರನೇ ದಿನ ವಾಪಸ್ ಹೋಗುವುದು ಬಿಟ್ಟು ಅವಳಿಗೆ ದಾರಿ ಇರುವುದಿಲ್ಲ. ಆ ಸಲದ ಏಟು ಮೊದಲಿಗಿಂತ ಜೋರಾಗಿರುತ್ತದೆ.

ಈಗಾಗಲೇ ನಡೆಯುತ್ತಿರುವ ಕೇಂದ್ರವೊಂದಕ್ಕೆ ಸೇರಿಕೊಳ್ಳಿ. ರಾಜ್ಯ ಸರ್ಕಾರದ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳಿವೆ. ಜಿಲ್ಲೆಗಳಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್‌ಗಳಿವೆ; ಅಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ, ಐದು ದಿನದವರೆಗೆ ತಂಗಲು ಜಾಗ ಒಂದೇ ಸೂರಿನಡಿ ಸಿಗಬೇಕು ಎಂಬುದು ಯೋಜನೆ. ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರ ಕಚೇರಿಯ ಆವರಣದ ವನಿತಾ ಸಹಾಯವಾಣಿ ಇದೆ, ವಿಮೋಚನಾದಂಥ ಹಳೆಯ ಮಹಿಳಾ ಸಂಘಟನೆಗಳಿವೆ. ಇಂಥ ಕಡೆ ಪ್ರಕರಣದ ಹೊಣೆ ಹೊತ್ತ ಸಮಾಲೋಚಕಿ ಒಬ್ಬರಿರುತ್ತಾರೆ. ನೀವು ಅವರ ಕೈಕೆಳಗಿನ ಇನ್ನೊಂದು ಜೊತೆ ಕೈ.

ಶನಿವಾರ, ಭಾನುವಾರದ ತೊಡಕು ಮೊದಲೇ ತಿಳಿದಿರಲಿ. ನ್ಯಾಯಾಲಯ, ಶಿಶು ಅಭಿವೃದ್ಧಿ ಕಚೇರಿ, ಬ್ಯಾಂಕು, ಶಾಲೆ ನಡೆಯುವುದು ಹೆಚ್ಚಾಗಿ ವಾರದ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ. ಸಮಾಲೋಚಕಿ ಒಬ್ಬಳ ಜೊತೆ ಕೋರ್ಟಿಗೆ ಹೋದರೆ ಆ ದಿನ ಕೇಂದ್ರಕ್ಕೆ ಬಂದ ಉಳಿದವರು ಬೆಂಚಿನ ಮೇಲೆ ಕಾಯುತ್ತಾರೆ. ಹಾಗಾಗಿ ಕಂಪನಿಯ ರಜೆಯನ್ನು ಎಲ್ಲರೂ ಒಂದೇ ದಿನ ಬಂದು ಗೋಡೆಗೆ ಬಣ್ಣ ಬಳಿಯಲು ಬಳಸಬೇಡಿ. ಒಬ್ಬೊಬ್ಬರು ತಿಂಗಳಿಗೆ ಒಂದು ಮಂಗಳವಾರದ ಅರ್ಧ ದಿನ ಎಂದು ಹಂಚಿಕೊಂಡು ಆರು ತಿಂಗಳು ತಪ್ಪದೆ ಬಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಂಜೆ ಆರರ ನಂತರ ದಾಖಲೆ ಸ್ಕ್ಯಾನ್ ಮಾಡುವುದು, ಕೋರ್ಟಿನ ವಾಯಿದೆಗಳ (ವಿಚಾರಣೆಯ ದಿನಗಳ) ಪಟ್ಟಿ ಇಡುವುದು, ನಡೆದ ಘಟನೆಗಳ ಕಾಲಾನುಕ್ರಮ ಬರೆಯುವುದು ಇದ್ದೇ ಇರುತ್ತದೆ.

ನಿಮ್ಮಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ, ಒಡಿಯಾ ಚೆನ್ನಾಗಿ ಬಲ್ಲವರಿದ್ದರೆ ಮೊದಲು ಅದನ್ನೇ ಕೇಂದ್ರಕ್ಕೆ ತಿಳಿಸಿ. ಈ ಊರಿನಲ್ಲಿ ನೋವು ಹೇಳಿಕೊಳ್ಳುವ ಭಾಷೆ ಸಿಗದೆ ಅರ್ಧ ಮಾತು ಅಲ್ಲೇ ಉಳಿದುಬಿಡುತ್ತದೆ. ದೂರು ಬರೆಯುವಾಗ ಜೊತೆಗೆ ಬಂದ ನೆಂಟರನ್ನು ದುಭಾಷಿ ಮಾಡಿಕೊಳ್ಳುವುದು ಬಹಳ ಕಡೆ ನಡೆಯುವ ತಪ್ಪು. ನೆಂಟರು ಮರ್ಯಾದೆ ನೋಡಿಕೊಂಡು ಅನುವಾದ ಮಾಡುತ್ತಾರೆ.

ಮಾತಿನ ಬಗ್ಗೆ. "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎನ್ನಬಾರದು ಎಂದು ನಿಮಗೆ ಗೊತ್ತಿರುತ್ತದೆ. "ಇಷ್ಟೆಲ್ಲ ಆದಮೇಲೂ ಯಾಕೆ ಇದ್ದೀರಿ, ಇವತ್ತೇ ಬಿಟ್ಟು ಬನ್ನಿ" ಎನ್ನುವುದೂ ಅಷ್ಟೇ ಕೆಟ್ಟದ್ದು, ಅದೂ ಅಪ್ಪಣೆಯೇ. ಅವಳು ಇಷ್ಟು ದಿನ ಬೇರೆಯವರ ಅಪ್ಪಣೆಯಲ್ಲೇ ಬದುಕಿದವಳು. ಫೋನಿನಲ್ಲಾದರೆ ಮೊದಲ ಪ್ರಶ್ನೆ: "ಈಗ ಮಾತಾಡೋಕೆ ಆಗುತ್ತಾ?" ಎರಡನೆಯದು: "ಮಧ್ಯೆ ಕಟ್ಟಾದರೆ ನಾನು ವಾಪಸ್ ಮಾಡಬಹುದಾ, ಬೇರೆ ಯಾರಾದರೂ ಎತ್ತಿದರೆ ಏನು ಹೇಳಲಿ?" ಹೊಲಿಗೆ ತರಗತಿಯೋ ಸಂಘದ ಮೀಟಿಂಗೋ, ಏನು ಹೇಳಬೇಕು ಎಂಬುದನ್ನು ಅವಳೇ ಆರಿಸಬೇಕು. ಅವಳ ಮನೆಗೆ ಯಾವ ಕಾರಣಕ್ಕೂ ಹೋಗಬೇಡಿ. ಗಂಡನ ಜೊತೆ ಮಾತಾಡಿ ಬುದ್ಧಿ ಹೇಳುವ ಪ್ರಯತ್ನವೂ ಬೇಡ.

ವಕಾಲತ್ತು ಉತ್ತರಿಸಿದ್ದು:

ಮೇಲಿನ ಮೇಡಂ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. ಸ್ವಯಂಸೇವಕರು ಮೊದಲು ಗೊಂದಲ ಮಾಡಿಕೊಳ್ಳುವುದು ಎರಡು ದಾರಿಗಳ ನಡುವೆ. ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ (ಹಿಂದಿನ 498ಎ) ಅಪರಾಧ ಪ್ರಕರಣ, ಠಾಣೆಯಿಂದ ಶುರುವಾಗುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಪರಿಹಾರ ಕೊಡುವ ಕಾಯ್ದೆ: ಹೊಡೆಯದಂತೆ ತಡೆ (18ನೇ ಕಲಂ), ಮನೆಯಲ್ಲಿ ಇರುವ ಹಕ್ಕು (19), ಹಣ (20), ಮಕ್ಕಳ ತಾತ್ಕಾಲಿಕ ಸುಪರ್ದಿ (21), ನಷ್ಟಪರಿಹಾರ (22). ಗಂಡ ಜೈಲಿಗೆ ಹೋಗುವುದು ಬೇಡ, ಹೊಡೆತ ನಿಂತರೆ ಸಾಕು, ಬಾಡಿಗೆಗೆ ದುಡ್ಡು ಬೇಕು ಎನ್ನುವವರೇ ಹೆಚ್ಚು. ಅವರಿಗೆ ಎರಡನೆಯ ದಾರಿ ಇದೆ ಎಂಬುದನ್ನೇ ಯಾರೂ ಹೇಳಿರುವುದಿಲ್ಲ.

ಈ ಎರಡನೆಯ ದಾರಿಯಲ್ಲಿ ಅವಳಿಗೆ ನೆರವಾಗಬೇಕಾದ ಸರ್ಕಾರಿ ಅಧಿಕಾರಿ ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಅವರೆಂದರೆ ಸಾಮಾನ್ಯವಾಗಿ ಸಿ.ಡಿ.ಪಿ.ಒ., ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರು ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. 10ನೇ ಕಲಮಿನಡಿ ನೋಂದಾಯಿತ ಸಂಸ್ಥೆಯೂ ಈ ವರದಿ ಬರೆಯಬಹುದು. ಸಂಸ್ಥೆಗೆ ಸೇರದ ನಿಮ್ಮಂಥ ಗುಂಪಿಗೆ ಆ ಅಧಿಕಾರವಿಲ್ಲ. ಆದರೆ 4ನೇ ಕಲಂ ಗಮನಿಸಿ: ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ.

ಅರ್ಜಿ 12ನೇ ಕಲಮಿನಡಿ, ನಮೂನೆ 2ರಲ್ಲಿ. ಮಧ್ಯಂತರ ಆದೇಶ ತುರ್ತಾಗಿ ಬೇಕಿದ್ದರೆ 23(2)ರಡಿ ನಮೂನೆ 3ರ ಪ್ರಮಾಣಪತ್ರವನ್ನು (ಅಫಿಡವಿಟ್) ಜೊತೆಗೇ ಹಾಕಬೇಕು. ಇದನ್ನು ಮರೆತ ಕಾರಣಕ್ಕೆ ಮೊದಲ ವಾಯಿದೆ ಬರಿದೇ ಹೋಗುವುದುಂಟು. ಘಟನಾ ವರದಿ ಬರಲು ತಡವಾದರೆ ಕಾಯುತ್ತ ಕೂರಬೇಡಿ. ವರದಿ ಇಲ್ಲದೆಯೂ ಆದೇಶ ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಪ್ರಭಾ ತ್ಯಾಗಿ ಪ್ರಕರಣದಲ್ಲಿ (2022) ಹೇಳಿದೆ. ಮನೆ ಅತ್ತೆಯ ಹೆಸರಿನಲ್ಲಿದೆ, ನಿನಗೆ ಹಕ್ಕಿಲ್ಲ ಎಂದು ಹೆದರಿಸಿದರೆ 2020ರ ಸತೀಶ್ ಚಂದರ್ ಅಹುಜಾ ತೀರ್ಪು ಇದೆ: ಸೊಸೆ ಸಂಸಾರ ನಡೆಸಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಕಾಯ್ದೆ ಹೇಳುವ "ಹಂಚಿಕೊಂಡ ಮನೆ", ಅಂದರೆ ಅವಳಿಗೆ ಇರಲು ಹಕ್ಕಿರುವ ಮನೆಯಾಗಬಹುದು. ಬಳ್ಳಾರಿಯಿಂದ ಓಡಿಬಂದು ಬೆಂಗಳೂರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ 27ನೇ ಕಲಮಿನಂತೆ ಇಲ್ಲೇ ಅರ್ಜಿ ಹಾಕಬಹುದು.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥಕ್ಕೆ ಅರವತ್ತು ದಿನದ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಬೇರೆ. ಮೊದಲು ಸಿಕ್ಕಿಬೀಳುವುದು ನೋಟಿಸ್ ಜಾರಿಯಲ್ಲಿ. ಅರ್ಜಿಯಲ್ಲಿ ವಿಳಾಸ ಅರೆಬರೆ ಇರುತ್ತದೆ, "ಬಾಗಿಲು ಹಾಕಿದೆ" ಎಂದು ನೋಟಿಸ್ ವಾಪಸ್ ಬರುತ್ತದೆ, ಒಂದು ತಿಂಗಳು ಹೋಯಿತು. ಇಲ್ಲಿ ನೀವು ಬೇಕು. ಎದುರುದಾರನ ಮನೆ ನಂಬರ್, ಅಡ್ಡರಸ್ತೆ, ಗುರುತಿಗೆ ದೇವಸ್ಥಾನವೋ ಅಂಗಡಿಯೋ, ಕೆಲಸದ ಜಾಗದ ಪೂರ್ತಿ ವಿಳಾಸ, ಊರಿನ ವಿಳಾಸ, ಬಳಕೆಯಲ್ಲಿರುವ ಎಲ್ಲ ಫೋನ್ ನಂಬರ್, ಇಷ್ಟನ್ನು ಅರ್ಜಿ ಹಾಕುವ ಮೊದಲೇ ಅವಳ ಜೊತೆ ಕೂತು ಬರೆಸಿಕೊಳ್ಳಿ.

ಎರಡನೆಯದು ಕಾಲಾನುಕ್ರಮ. ನೋವುಂಡವರು ತೇದಿ ಪ್ರಕಾರ ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ತಾರೀಖು ಕೇಳಿ ಪೀಡಿಸಬೇಡಿ. "ಮಗು ಹುಟ್ಟೋ ಮೊದಲೋ ಆಮೇಲೋ? ಆ ವರ್ಷದ ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ರಾ?" ಎಂದು ಕೇಳಿ. ಹಬ್ಬ, ಹೆರಿಗೆ, ಶಾಲೆಗೆ ಸೇರಿಸಿದ್ದು, ಮನೆ ಬದಲಿಸಿದ್ದು, ಈ ಗೂಟಗಳಿಗೆ ಕಟ್ಟುತ್ತ ಹೋದರೆ ಎರಡು ಪುಟದ ಕಾಲಾನುಕ್ರಮ ಬರುತ್ತದೆ. ಮೊದಲ ಘಟನೆ, ಅತಿ ಕೆಟ್ಟ ಘಟನೆ, ಕೊನೆಯ ಘಟನೆ, ಈ ಮೂರು ಸ್ಪಷ್ಟವಾಗಿದ್ದರೆ ಅರ್ಜಿ ನಿಲ್ಲುತ್ತದೆ. ಅವಳ ಮಾತನ್ನು ನಿಮ್ಮ ಮಾತಿಗೆ ತಿದ್ದಬೇಡಿ. "ಮಾನಸಿಕ ಕಿರುಕುಳ ನೀಡಿದರು" ಎಂಬುದು ಎಲ್ಲ ಅರ್ಜಿಯಲ್ಲೂ ಇರುತ್ತದೆ. "ಮೂರು ದಿನ ಅಡುಗೆಮನೆಗೆ ಬೀಗ ಹಾಕಿದರು" ಎಂಬುದು ಅವಳೊಬ್ಬಳದೇ.

ಠಾಣೆಗೆ ಜೊತೆ ಹೋದಾಗ ದೂರಿನ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸೀಲು, ಸಹಿ ಹಾಕಿಸಿಕೊಳ್ಳಿ, ಅಥವಾ ಹಿಂಬರಹ (ಠಾಣೆಯವರು ದೂರಿಗೆ ಬರೆದುಕೊಡುವ ಉತ್ತರ) ಪಡೆದೇ ಹೊರಡಿ. "ಕರೆಸಿ ಬುದ್ಧಿ ಹೇಳ್ತೀವಿ, ಹೋಗಿ" ಎಂದರೆ ಲಿಖಿತದಲ್ಲಿ ಕೊಡಿ ಎಂದು ಮೆಲ್ಲಗೆ ಕೇಳಿ. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌.ಪಿ.ಗೆ, ಬೆಂಗಳೂರಿನಲ್ಲಾದರೆ ಡಿ.ಸಿ.ಪಿ.ಗೆ ಕಳಿಸಬಹುದು. ವಕೀಲರ ಫೀಸಿನ ಚಿಂತೆ ಮಾಡಬೇಡಿ: ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಂತೆ ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ವಕೀಲರು ಸಿಗಬೇಕು. ದೂರವಾಣಿ 15100.

ಹೊಂಗೆನೆರಳು:

ತುಂಬಾ ಉಪಕಾರವಾಯಿತು. ಸಹಾಯವಾಣಿ ಕೈಬಿಟ್ಟೆವು. ಇಬ್ಬರಲ್ಲೂ ಒಂದೊಂದು ಪ್ರಶ್ನೆ. ಫೋನಿನಲ್ಲಿ ಗಂಡ ಜಾಡು ಹಿಡಿಯುತ್ತಾನೆ ಎನ್ನುವವರಿಗೆ ನಾವು ಸಾಫ್ಟ್‌ವೇರ್‌ನವರು ಮೊಬೈಲ್ ರೀಸೆಟ್ ಮಾಡಿಕೊಡಬಹುದೇ? ಮತ್ತೆ ಗಂಡಸರು ಏನು ಮಾಡಬಹುದು?

ಬೇರುಬಿಟ್ಟ ಉತ್ತರಿಸಿದ್ದು:

ರೀಸೆಟ್ ಕೊನೆಗೆ, ಅದೂ ಅವಳು ಸುರಕ್ಷಿತ ಜಾಗದಲ್ಲಿದ್ದಾಗ ಮಾತ್ರ. ಇನ್ನೂ ಅದೇ ಮನೆಯಲ್ಲಿರುವವಳ ಫೋನಿನಿಂದ ಗೂಢಚಾರ ಆ್ಯಪ್ ತೆಗೆದರೆ ಅವನಿಗೆ ತಕ್ಷಣ ತಿಳಿಯುತ್ತದೆ, ಏಟು ಅವಳಿಗೆ. ಸಾಕ್ಷ್ಯವೂ ಅಳಿಸಿಹೋಗುತ್ತದೆ. ಮೊದಲು ನೋಡುವುದು, ಇನ್ನೊಂದು ಫೋನಿನಿಂದ ಫೋಟೊ ತೆಗೆಯುವುದು, ಆಮೇಲೆ ಸಮಾಲೋಚಕಿ ಜೊತೆ ತೀರ್ಮಾನ.

ಬಹುತೇಕ ಸಲ ಗೂಢಚಾರ ಆ್ಯಪೇ ಇರುವುದಿಲ್ಲ. ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಅವನ ಲ್ಯಾಪ್‌ಟಾಪ್ ಇರುತ್ತದೆ. ಫೋನ್ ಕೊಡಿಸಿದಾಗ ಅವನೇ ತೆರೆದುಕೊಟ್ಟ ಗೂಗಲ್ ಖಾತೆ, ಅದರ ಪಾಸ್‌ವರ್ಡ್ ಅವನಲ್ಲಿ. ಫೋಟೊ, ಸಂಪರ್ಕಗಳು, ಹೋದ ಜಾಗಗಳು ಎಲ್ಲ ಅಲ್ಲಿಂದಲೇ ಕಾಣುತ್ತವೆ. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್ ನೋಡಿ. ಕ್ಯಾಬ್ ಆ್ಯಪ್, ಊಟ ತರಿಸುವ ಆ್ಯಪ್‌ಗಳು ಇಬ್ಬರಿಗೂ ಒಂದೇ ಖಾತೆಯಾಗಿದ್ದರೆ ಹೊಸ ವಿಳಾಸ ತಾನಾಗಿ ಅವನಿಗೆ ಹೋಗುತ್ತದೆ. ಮಕ್ಕಳ ಟ್ಯಾಬ್, ಶಾಲೆಯ ಆ್ಯಪ್ ಎಲ್ಲರೂ ಮರೆಯುವ ಜಾಗಗಳು. ಬ್ಯಾಗು, ಸ್ಕೂಟರಿನ ಸೀಟಿನಡಿ ಪುಟ್ಟ ಟ್ರ್ಯಾಕರ್ ಇದೆಯೇ ಎಂದು ಕೈಯಿಂದಲೂ ಹುಡುಕಿ, ಆಂಡ್ರಾಯ್ಡ್‌ನಲ್ಲಿ ಅಪರಿಚಿತ ಟ್ರ್ಯಾಕರ್ ಎಚ್ಚರಿಕೆಯಿಂದಲೂ ನೋಡಿ.

ಆಮೇಲೆ ನಂಬರಿನ ಸಮಸ್ಯೆ. ಸಿಮ್ ಗಂಡನ ಹೆಸರಿನದು, ಆಧಾರ್‌ಗೆ ಜೋಡಿಸಿದ ನಂಬರೂ ಅವನದು. ಅಂದರೆ ಬ್ಯಾಂಕು, ಡಿಜಿಲಾಕರ್, ಯಾವುದೇ ಒ.ಟಿ.ಪಿ. ಅವನಿಗೆ ಬರುತ್ತದೆ. ಕ್ರಮ ಹೀಗಿರಲಿ: ಅವಳದೇ ಆಧಾರ್‌ನಲ್ಲಿ ಹೊಸ ಸಿಮ್, ನಂತರ ಆಧಾರ್ ಕೇಂದ್ರಕ್ಕೆ ಅವಳೇ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಾವಣೆ (ಬೇರೆ ದಾಖಲೆ ಬೇಕಿಲ್ಲ, ಸಣ್ಣ ಶುಲ್ಕ), ನಂತರ ಹೊಸ ಬ್ಯಾಂಕ್ ಖಾತೆ, ಅವನ ಖಾತೆ ಇಲ್ಲದ ಬ್ಯಾಂಕಿನಲ್ಲಿ. ನಿಮ್ಮ ಹೆಸರಿನ ಸಿಮ್ ಯಾವತ್ತೂ ಕೊಡಬೇಡಿ. ಖಾತೆ ತೆರೆಯುವಾಗ ಒಂದು ಎಚ್ಚರ: ಎ.ಟಿ.ಎಂ. ಕಾರ್ಡು, ಚೆಕ್ ಪುಸ್ತಕ ಅಂಚೆಯಲ್ಲಿ ಆಧಾರ್‌ನಲ್ಲಿರುವ ವಿಳಾಸಕ್ಕೆ ಹೋಗುತ್ತವೆ, ಅಂದರೆ ಗಂಡನ ಮನೆ ಬಾಗಿಲಿಗೆ. ಶಾಖೆಯಲ್ಲೇ ಕೈಗೆ ಕೊಡುವ ಕಿಟ್ ಕೇಳಿ.

ಬೆದರಿಕೆ ಸಂದೇಶಗಳನ್ನು ನಿಮ್ಮ ಫೋನಿಗೆ ಫಾರ್ವರ್ಡ್ ಮಾಡಿಸಿಕೊಳ್ಳಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆಗಿನ ಪ್ರಮಾಣಪತ್ರ ಕೊಡಬೇಕಾದದ್ದು ಆ ಸಾಧನ ಯಾರ ಕೈಯಲ್ಲಿದೆಯೋ ಅವರು, ಜೊತೆಗೆ ತಜ್ಞರ ಭಾಗವೂ ಇದೆ. ಮೂಲ ಫೋನನ್ನು ಮಾರದೆ, ರೀಸೆಟ್ ಮಾಡದೆ ಇಟ್ಟುಕೊಳ್ಳುವುದು ಮುಖ್ಯ. ಸ್ಕ್ರೀನ್‌ಶಾಟ್‌ನಲ್ಲಿ ಹೆಸರಷ್ಟೇ ಬಂದರೆ ಸಾಲದು, ನಂಬರ್ ಕಾಣುವ ಪುಟವನ್ನೂ ತೆಗೆಯಿರಿ. ಅವನ ಇಮೇಲ್‌ಗೆ, ತೆರಿಗೆ ಖಾತೆಗೆ ನುಗ್ಗಿ ನೋಡುವುದು ಮಾತ್ರ ಬೇಡವೇ ಬೇಡ. ಅದು ಐ.ಟಿ. ಕಾಯ್ದೆಯಡಿ ಅಪರಾಧ, ಅವಳ ಪ್ರಕರಣವೂ ಕೆಡುತ್ತದೆ.

ಖಾತೆಕಿರ್ದಿ ಉತ್ತರಿಸಿದ್ದು:

ನಿಮ್ಮ ಗುಂಪಿನ ಸಿ.ಎ. ಇದನ್ನು ಓದಲಿ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರತಿ ಪ್ರಕರಣದಲ್ಲೂ ಇಬ್ಬರೂ ಆಸ್ತಿ, ಹೊಣೆಗಾರಿಕೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಇದು ಉದ್ದದ ನಮೂನೆ. ಉಚಿತ ವಕೀಲರಿಗೆ ಅದನ್ನು ಕೂತು ತುಂಬಲು ಸಮಯವಿರುವುದಿಲ್ಲ. ಖಾಲಿ ಬಿಟ್ಟ ಕಾಲಂಗಳನ್ನು ಎದುರು ವಕೀಲರು ಮೊದಲು ಹಿಡಿಯುತ್ತಾರೆ. ಒಬ್ಬ ಲೆಕ್ಕ ಬಲ್ಲವರು ಅವಳ ಪಾಸ್‌ಬುಕ್, ಬಾಡಿಗೆ ಚೀಟಿ, ಶಾಲೆಯ ಫೀಸು, ಔಷಧಿ ಬಿಲ್ಲು ಇಟ್ಟುಕೊಂಡು ಒಂದು ಸಂಜೆ ಕೂತರೆ ಮುಗಿಯುವ ಕೆಲಸ. ಅವಳು ಹೊಲಿಗೆಯಿಂದಲೋ ಟ್ಯೂಷನ್‌ನಿಂದಲೋ ಗಳಿಸುತ್ತಿದ್ದರೆ ಅದನ್ನು ಕಡ್ಡಾಯವಾಗಿ ಬರೆಯಿರಿ. ಯು.ಪಿ.ಐ. ವಿವರದಲ್ಲಿ ಅದು ಹೇಗೂ ಸಿಗುತ್ತದೆ, ಮುಚ್ಚಿಟ್ಟದ್ದು ಗೊತ್ತಾದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಗಂಡ "ಸಂಬಳವೇ ಇಲ್ಲ" ಎನ್ನುತ್ತಾನೆ. ಎಲ್ಲರಿಗೂ ತೆರೆದಿರುವ ದಾಖಲೆಗಳಲ್ಲೇ ಬೇಕಾದಷ್ಟು ಸಿಗುತ್ತದೆ: ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಪಹಣಿ, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅವನು ಯಾವುದಾದರೂ ಕಂಪನಿಯ ನಿರ್ದೇಶಕನಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣ. ಅದೇ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಹಾಗಾಗಿ ಪೂರ್ತಿ ದಾಖಲೆ ಸಿಗಲಿ ಎಂದು ಅರ್ಜಿಯನ್ನೇ ಮುಂದೂಡಿದರೆ ಆ ತಿಂಗಳುಗಳ ಹಣ ಹೋದಂತೆ.

ಸ್ತ್ರೀಧನದ, ಅಂದರೆ ಮದುವೆಯಲ್ಲಿ ಅವಳಿಗೇ ಕೊಟ್ಟ ಒಡವೆ, ವಸ್ತುಗಳ, ಪಟ್ಟಿ ಬೇರೆಯೇ ಮಾಡಿ. ಒಡವೆ, ಗ್ರಾಂ ತೂಕ, ಕೊಟ್ಟವರು ಯಾರು, ಬಿಲ್ ಇದೆಯೇ, ಯಾವ ಮದುವೆ ಫೋಟೊದಲ್ಲಿ ಕಾಣುತ್ತದೆ, ಈಗ ಎಲ್ಲಿದೆ. ವಾಪಸ್ ಕೊಡಿಸಲು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19(8) ಇದೆ, ಲಾಕರ್ ಮುಟ್ಟದಂತೆ ತಡೆಯಲು 18ನೇ ಕಲಂ ಇದೆ. ಪಟ್ಟಿ ಇಲ್ಲದಿದ್ದರೆ ಎರಡೂ ಬರೀ ಕಾಗದ.

ರಾತ್ರಿಡ್ಯೂಟಿ ಉತ್ತರಿಸಿದ್ದು:

ಆಸ್ಪತ್ರೆಯ ಕಡೆಯಿಂದ ಒಂದೇ ವಿಷಯ, ಆದರೆ ಇದನ್ನು ಯಾರೂ ಬಿಡಬೇಡಿ. "ಕತ್ತು ಹಿಸುಕಿದ" ಎಂಬ ಮಾತು ಬಂದರೆ ಉಳಿದದ್ದನ್ನೆಲ್ಲ ನಿಲ್ಲಿಸಿ. ಹೊರಗೆ ಗುರುತೇ ಇಲ್ಲದಿರಬಹುದು, ಆದರೂ ಗಂಟಲ ಒಳಗಿನ ಊತ, ರಕ್ತನಾಳದ ಪೆಟ್ಟು ಗಂಟೆಗಳ ಅಥವಾ ದಿನಗಳ ನಂತರ ತಲೆ ಎತ್ತಬಹುದು. ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟ, ಕಣ್ಣಲ್ಲಿ ಕೆಂಪು ಚುಕ್ಕೆ, ಪ್ರಜ್ಞೆ ತಪ್ಪಿದ್ದು, ಬಟ್ಟೆಯಲ್ಲೇ ಮೂತ್ರ ಹೋದದ್ದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ. ಮುಂದೆ ಕೊಲೆಯಾಗುವ ಸಂಭವ ಹೆಚ್ಚು ಎಂಬುದಕ್ಕೂ ಇದು ಬಲವಾದ ಮುನ್ಸೂಚನೆ, ಸಮಾಲೋಚಕಿಗೆ ತಕ್ಷಣ ಹೇಳಿ.

ಓ.ಪಿ.ಡಿ.ಯಲ್ಲಿ "ಬಿದ್ದೆ" ಎಂದು ಬರೆಸಿದರೆ ಅದೇ ದಾಖಲೆ ಮುಂದೆ ಎದುರು ನಿಲ್ಲುತ್ತದೆ. ಯಾರು, ಯಾವುದರಿಂದ ಹೊಡೆದರು ಎಂದು ಹೇಳಲು ಅವಳಿಗೆ ಧೈರ್ಯವಿದ್ದರೆ ವೈದ್ಯರಿಗೆ ಹೇಳಲಿ, ಎಂ.ಎಲ್.ಸಿ. (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಗಾಯದ ಆಸ್ಪತ್ರೆ ದಾಖಲೆ) ನಂಬರ್ ಬರೆದುಕೊಳ್ಳಲಿ. ಬಾಸುಂಡೆ ಎರಡನೇ, ಮೂರನೇ ದಿನ ಇನ್ನೂ ಸ್ಪಷ್ಟವಾಗುತ್ತದೆ. ಆಗ ಮತ್ತೆ ಫೋಟೊ ತೆಗೆಯಿರಿ, ಪಕ್ಕದಲ್ಲೊಂದು ಸ್ಕೇಲು ಇಟ್ಟು. ಮುಖ ಸೇರಿದ ಒಂದು ಫೋಟೊ ಬೇಕು, ಇಲ್ಲದಿದ್ದರೆ ಫೋಟೊದಲ್ಲಿರುವುದು ಯಾರ ಕೈ ಎಂದು ಕೇಳುತ್ತಾರೆ.

ಸಂಜೆಪಾಳಿ:

ಗಂಡಸರ ಪ್ರಶ್ನೆ ಬಾಕಿ ಇತ್ತು. ದಾಖಲೆ, ಲೆಕ್ಕ, ಫೋನ್ ಕೆಲಸ ಎಲ್ಲಕ್ಕೂ ಬನ್ನಿ, ಕೇಂದ್ರದ ಒಳಗೆ, ಸಮಾಲೋಚಕಿ ಇರುವಾಗ. ಕೋರ್ಟಿಗೆ ಒಬ್ಬರೇ ಜೊತೆ ಹೋಗುವುದು, ವೈಯಕ್ತಿಕ ನಂಬರ್ ಕೊಡುವುದು ಬೇಡ. ಮುಂದಿನ ವಾಯಿದೆಗೆ ಅವಳ ನಡತೆಯ ಮೇಲೆ ಆರೋಪ ಬರುತ್ತದೆ, ಎದುರು ಪಕ್ಷದವರು ಕಾಯುತ್ತಿರುವುದೇ ಅದಕ್ಕೆ. ಆಶ್ರಯಧಾಮದ ವಿಳಾಸ ಹೆಂಗಸರಿಗೂ ಎಲ್ಲರಿಗೂ ಹೇಳುವುದಿಲ್ಲ, ಅದಕ್ಕೆ ಬೇಸರಪಡಬೇಡಿ. ಗೊತ್ತಾದವರು ಅಲ್ಲಿಂದ ಫೋಟೊ ಹಾಕಬೇಡಿ, ಅಲ್ಲಿಗೆ ಏನನ್ನೂ ಆ್ಯಪಿನಲ್ಲಿ ತರಿಸಬೇಡಿ.

ಕೆಲವರು ಗಂಡನ ಮನೆಗೆ ಮರಳುತ್ತಾರೆ. ಆಗ ಸ್ವಯಂಸೇವಕರು ಸಿಟ್ಟಾಗುವುದು, "ಇಷ್ಟೆಲ್ಲ ಮಾಡಿದೆವಲ್ಲ" ಎನ್ನುವುದು ಅವಳಿಗೆ ಬಾಗಿಲು ಮುಚ್ಚಿದಂತೆ. ಫೈಲು ಹಾಗೇ ಇರಲಿ, ದಾಖಲೆಗಳ ಒಂದು ಪ್ರತಿ ಕೇಂದ್ರದಲ್ಲೇ ಇರಲಿ. ಹೊರಡುವಾಗ ಹೇಳಬೇಕಾದದ್ದು ಇಷ್ಟೇ: "ಯಾವಾಗ ಬೇಕಾದರೂ ಬನ್ನಿ." ಮುಂದೊಮ್ಮೆ ಬೇಗ ಹೊರಡಬೇಕಾಗಿ ಬಂದರೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್‌ಗೆ ದುಡ್ಡು ಬೇಕಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸಾಕು ಎಂಬುದನ್ನು ನೆನಪಿಸಿ. ಮಕ್ಕಳ ಟಿ.ಸಿ. ಸಿಗಲಿಲ್ಲ ಎಂದು ಸರ್ಕಾರಿ, ಅನುದಾನಿತ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ.

ನೆರವು ಕೇಳಿ ಬಂದವರ ಹೆಸರುಗಳನ್ನು ನಿಮ್ಮ ಗುಂಪಿನ ಗೂಗಲ್ ಶೀಟ್‌ನಲ್ಲಿ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇಡಬಾರದು. ಕೇಂದ್ರದ ಪ್ರಕರಣ ಸಂಖ್ಯೆ ಮಾತ್ರ ಬಳಸಿ. ಗುಂಪಿನಲ್ಲಿ ಯಾರಾದರೂ ಈ ಕೆಲಸ ಬಿಟ್ಟು ಹೋದರೆ ಅದೇ ದಿನ ದಾಖಲೆಗಳಿಗೆ ಅವರ ಪ್ರವೇಶ ತೆಗೆಯಿರಿ.

ಕೇಂದ್ರದಲ್ಲಿ ನಿಮ್ಮ ತರಬೇತಿ ಮುಗಿಯುವವರೆಗೆ ಏನಾದರೂ ಕೊಡಬೇಕು ಎನಿಸಿದರೆ ಹಳೆ ಬಟ್ಟೆ ಬೇಡ, ಅದು ಕೋಣೆ ತುಂಬಾ ಇದೆ. ಎಲ್ಲ ಅಳತೆಯ ಹೊಸ ಒಳಉಡುಪು, ನೈಟಿ, ಹವಾಯಿ ಚಪ್ಪಲಿ, ಪ್ಯಾಡು, ಟೈಪ್ ಸಿ ಚಾರ್ಜರ್, ಮಕ್ಕಳಿಗೆ ನೋಟ್‌ಬುಕ್ಕು ಬೇಕಿರುತ್ತದೆ. ರಾತ್ರಿ ಬರುವವರು ಹೆಚ್ಚಾಗಿ ಬರಿಗಾಲಲ್ಲೇ ಬರುವುದರಿಂದ ಚಪ್ಪಲಿ ಬೇಗ ಮುಗಿಯುತ್ತದೆ. 6, 7, 8ರ ಅಳತೆ ಜಾಸ್ತಿ ತನ್ನಿ.